ಸಂಪಾದಕರ ಉತ್ತರ: ದೊಡ್ಡಜ್ಜನ ಹೆಸರು ಯಾವ ರಿಜಿಸ್ಟರಿನಲ್ಲಿದೆ?

ಹಾಸನ ಜಿಲ್ಲೆಯ ಓದುಗರೊಬ್ಬರು ನಮಗೆ ಬರೆದಿದ್ದಾರೆ. ಅವರ ಅಜ್ಜಿಯ ಅಣ್ಣನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ರಕ್ತಾಕ್ಷಿ ಸಂವತ್ಸರದಲ್ಲಿ ಅವರನ್ನು ಮೈಸೂರಿನ ‘ಮೂಗರ ಶಾಲೆ’ಗೆ ಸೇರಿಸಿದರು ಎಂದು ಅಜ್ಜಿ ಹೇಳುತ್ತಿದ್ದರಂತೆ. ಊರಿಗೆ ಮರಳಿದಾಗ ಅವರು ತಮ್ಮ ಹೆಸರನ್ನು ದುಂಡಗೆ ಬರೆಯುತ್ತಿದ್ದರು, ಒಂದೆರಡು ಮಾತನ್ನು ಬಾಯಿಂದ ಆಡುತ್ತಿದ್ದರು, ಕೈಸನ್ನೆ ಮಾಡಬಾರದೆಂದು ಮನೆಯಲ್ಲಿ ಗದರಿಸುತ್ತಿದ್ದರು. ಈಗ ಉಳಿದಿರುವುದು ಸಾಲಾಗಿ ನಿಂತ ಹುಡುಗರ ಒಂದು ಫೋಟೋ ಮಾತ್ರ. ‘ಆ ಶಾಲೆಯಲ್ಲಿ ದೊಡ್ಡಜ್ಜನ ಹೆಸರು ಎಲ್ಲಾದರೂ ಇರಬಹುದೇ? ಎಲ್ಲಿಂದ ಹುಡುಕಲು ಶುರುಮಾಡಲಿ?’ ಎಂದು ಕೇಳಿದ್ದಾರೆ. ಇಂಥ ದೊಡ್ಡಜ್ಜ, ದೊಡ್ಡಮ್ಮ, ಚಿಕ್ಕಜ್ಜ ಬಹಳ ಮನೆಗಳಲ್ಲಿ ಇದ್ದರು. ವಂಶವೃಕ್ಷ ಬರೆಯುವಾಗ ಅವರ ಹೆಸರನ್ನು ಕೈಬಿಡುವುದೇ ಹೆಚ್ಚು. ಆದ್ದರಿಂದ ಉತ್ತರವನ್ನು ತುಸು ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜಿ ಹೇಳಿದ ಮಾತನ್ನು ಪೂರಾ ನಂಬಿಕೊಂಡೇ ಹೊರಡಿ. ಮೈಸೂರಿನಲ್ಲಿ ಕಿವುಡ ಮತ್ತು ಕುರುಡ ಮಕ್ಕಳಿಗೆಂದು ಎಂ. ಶ್ರೀನಿವಾಸರಾಯರು ಶಾಲೆ ಆರಂಭಿಸಿದ್ದು 1901ರಲ್ಲಿ. ನಾಲ್ವಡಿಯವರು ಇನ್ನೂ ಪ್ರಾಯಕ್ಕೆ ಬಾರದೆ ಅವರ ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ಆಡಳಿತ ನಡೆಸುತ್ತಿದ್ದ ಕೊನೆಯ ದಿನಗಳು ಅವು. ರಕ್ತಾಕ್ಷಿ ಎಂದರೆ 1924ರ ಯುಗಾದಿಯಿಂದ 1925ರ ಯುಗಾದಿಯವರೆಗೆ. ಅಂದರೆ ನೀವು ನೋಡಬೇಕಾದ ವರ್ಷ ಆಗಲೇ ಗೊತ್ತಾಯಿತು. ಇಸವಿ ಮರೆತ ಹಿರಿಯರಿಗೂ ಸಂವತ್ಸರದ ಹೆಸರು ನೆನಪಿರುತ್ತದೆ. ನಮ್ಮ ಕಡೆ ಹಳೆಯ ದಾಖಲೆ ಹುಡುಕುವವರಿಗೆ ಇದು ದೊಡ್ಡ ಅನುಕೂಲ. ಆದರೂ ಹಿಂದೆ ಮುಂದೆ ಒಂದೊಂದು ವರ್ಷ ಸೇರಿಸಿಕೊಂಡು ನೋಡಿ.

ಮೊದಲು ಕೇಳಬೇಕಾದದ್ದು ಶಾಲೆಯ ದಾಖಲಾತಿ ರಿಜಿಸ್ಟರ್. ಹಾಜರಿ ಪುಸ್ತಕ, ಫೀಸಿನ ರಸೀದಿಗಳನ್ನು ಕೆಲವು ವರ್ಷಗಳಾದ ಮೇಲೆ ವಿಲೇವಾರಿ ಮಾಡಬಹುದು. ದಾಖಲಾತಿ ರಿಜಿಸ್ಟರ್ ಮಾತ್ರ ಕಾಯಂ ಆಗಿ ಇಡಬೇಕಾದದ್ದು. ಹಳೆಯ ಶಾಲೆಗಳ ರಿಜಿಸ್ಟರನ್ನು ನೀವು ಕಂಡಿರಬಹುದು. ಮೊಳದಗಲದ ಪುಸ್ತಕ, ಕೆಂಪು ಬಟ್ಟೆಯ ಬೆನ್ನು, ಎರಡು ಪುಟದುದ್ದಕ್ಕೂ ಹರಡಿದ ಕಾಲಮ್ಮುಗಳು. ಕ್ರಮಸಂಖ್ಯೆ, ಸೇರಿದ ತಾರೀಖು, ಮಗುವಿನ ಹೆಸರು, ತಂದೆ ಅಥವಾ ಪೋಷಕರ ಹೆಸರು, ಊರು, ಜಾತಿ, ಕಸುಬು, ವಯಸ್ಸು. ಕೊನೆಯಲ್ಲಿ ಶಾಲೆ ಬಿಟ್ಟ ತಾರೀಖು ಮತ್ತು ಬಿಟ್ಟ ಕಾರಣ. ಈ ಕೊನೆಯ ಕಾಲಮ್ಮನ್ನು ಬಿಡದೆ ಓದಿ. ಊರಿಗೆ ಹೋದವನು ಬರಲೇ ಇಲ್ಲ, ಖಾಯಿಲೆ, ಪೋಷಕರು ಕರೆದೊಯ್ದರು ಎಂದು ಎರಡೇ ಪದದಲ್ಲಿ ಬರೆದಿದ್ದರೂ ಒಬ್ಬ ಹುಡುಗನ ಬಾಲ್ಯದ ಕೊನೆ ಅಲ್ಲಿ ಗೊತ್ತಾಗುತ್ತದೆ.

ಹೆಸರನ್ನು ಒಂದೇ ರೂಪದಲ್ಲಿ ಹುಡುಕಿದರೆ ಸಿಗದೇ ಹೋಗಬಹುದು. ತನ್ನ ಹೆಸರನ್ನು ತಾನೇ ಬಾಯಿಬಿಟ್ಟು ಹೇಳಲಾರದ ಮಗುವಿನ ಹೆಸರು ಕರೆತಂದವರ ಬಾಯಲ್ಲಿ ಹೇಗೆ ಬಂತೋ ಹಾಗೇ ದಾಖಲಾಗುತ್ತದೆ. ಕೃಷ್ಣಪ್ಪ ಕಿಟ್ಟ ಆಗಿರಬಹುದು, ನರಸಿಂಹಯ್ಯ ನರಸ ಆಗಿರಬಹುದು. ಕರೆದೊಯ್ದವರು ಸೋದರಮಾವನಾಗಿದ್ದರೆ ಪೋಷಕರ ಜಾಗದಲ್ಲಿ ಅವರ ಹೆಸರೇ ಇರಬಹುದು. ಹಾಗಾಗಿ ಹೆಸರಿಗಿಂತ ಮೊದಲು ಊರಿನ ಕಾಲಮ್ಮಿನ ಮೇಲೆ ಬೆರಳಿಟ್ಟು ಕೆಳಗಿಳಿಯಿರಿ. ಅದೇ ಊರಿನ, ಅದೇ ಮನೆತನದ ಇನ್ನೊಂದು ಮಗು ಸಿಕ್ಕರೆ ಅದನ್ನೂ ಬರೆದುಕೊಳ್ಳಿ. ಹುಟ್ಟುಕಿವುಡು ಒಂದೇ ಮನೆಯ ಇಬ್ಬರು ಮೂವರು ಮಕ್ಕಳಲ್ಲಿ ಕಾಣಿಸುವುದು ಅಪರೂಪವಲ್ಲ. ಅಣ್ಣನ ಹಿಂದೆ ತಮ್ಮನೂ ಅದೇ ಶಾಲೆಗೆ ಹೋಗಿರಬಹುದು.

ಶಾಲೆ ಇಂದು ಸರ್ಕಾರದ್ದು. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಅಡಿಯಲ್ಲಿದೆ. ಮೊದಲು ಮುಖ್ಯೋಪಾಧ್ಯಾಯರಿಗೆ ಒಂದು ವಿನಯದ ಪತ್ರ ಬರೆಯಿರಿ. ಎಷ್ಟೋ ಕಡೆ ಅಷ್ಟರಲ್ಲೇ ಕೆಲಸ ಆಗುತ್ತದೆ. ಆಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದ್ದೇ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಅವಧಿ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳ ಒಳಗಿರಬೇಕು. ‘ಇದು ಖಾಸಗಿ ಮಾಹಿತಿ’ ಎಂಬ ಉತ್ತರ ಬಂದರೆ 2005ರ ಕಾಯ್ದೆಯ 8(3)ನೇ ಕಲಮನ್ನು ತೋರಿಸಿ. ಇಪ್ಪತ್ತು ವರ್ಷಕ್ಕಿಂತ ಹಿಂದಿನ ಸಂಗತಿಗೆ ಖಾಸಗಿತನದ ವಿನಾಯಿತಿ ಅನ್ವಯಿಸುವುದಿಲ್ಲ. ‘ಶಾಲೆಯ ಇತಿಹಾಸ ಕೊಡಿ’ ಎಂದು ಬರೆಯಬೇಡಿ. ‘1923ರಿಂದ 1926ರವರೆಗಿನ ದಾಖಲಾತಿ ರಿಜಿಸ್ಟರನ್ನು ಪರಿಶೀಲಿಸಲು ಅವಕಾಶ ಕೊಡಿ’ ಎಂದು ಬರೆಯಿರಿ. ಗುಮಾಸ್ತರು ಹುಡುಕಿ ‘ಸಿಗಲಿಲ್ಲ’ ಎನ್ನುವುದಕ್ಕೂ ನೀವೇ ಕೂತು ಪುಟ ತಿರುವುವುದಕ್ಕೂ ಬಹಳ ವ್ಯತ್ಯಾಸ ಇದೆ.

ಶಾಲೆಯ ಹೊರಗೂ ಕಾಗದಪತ್ರಗಳಿವೆ. ಮೈಸೂರು ಸಂಸ್ಥಾನ ಬರವಣಿಗೆಯ ಸಂಸ್ಥಾನ. ವರ್ಷವರ್ಷದ ಆಡಳಿತ ವರದಿ, ಸಾರ್ವಜನಿಕ ಶಿಕ್ಷಣ ಇಲಾಖೆಯ ವರದಿ, ಪ್ರಜಾಪ್ರತಿನಿಧಿ ಸಭೆಯ ಮುಂದೆ ದಿವಾನರು ಮಾಡುತ್ತಿದ್ದ ಭಾಷಣ, ಎಲ್ಲವೂ ಅಚ್ಚಾಗುತ್ತಿತ್ತು. ಆಡಳಿತ ವರದಿಗಳಲ್ಲಿ ಹಲವನ್ನು ‘ಇಂಟರ್ನೆಟ್ ಆರ್ಕೈವ್’ ಎಂಬ ಜಾಲತಾಣದಲ್ಲಿ ಮನೆಯಲ್ಲೇ ಕೂತು ಓದಬಹುದು. ಅಚ್ಚಾಗದ ಕಡತಗಳಿಗೆ ವಿಧಾನಸೌಧದ ರಾಜ್ಯ ಪತ್ರಾಗಾರಕ್ಕೂ ಮೈಸೂರಿನ ವಿಭಾಗೀಯ ಪತ್ರಾಗಾರಕ್ಕೂ ಹೋಗಬೇಕು. ಇಂಥ ವರದಿಗಳಲ್ಲಿ ಮಕ್ಕಳ ಹೆಸರು ಸಿಗುವುದು ಕಡಿಮೆ. ಆದರೆ ಆ ವರ್ಷ ಎಷ್ಟು ಮಕ್ಕಳಿದ್ದರು, ಎಷ್ಟು ಹಣ ಮಂಜೂರಾಯಿತು, ಯಾವ ಕೈಕಸುಬು ಕಲಿಸಿದರು ಎಂಬುದು ಇಂಥಲ್ಲೇ ಸಿಗಬೇಕು. ಸೂಚಿಯಲ್ಲಿ ಹುಡುಕುವಾಗ ಇಂದಿನ ಮರ್ಯಾದೆಯ ಪದಗಳನ್ನು ಬದಿಗಿಟ್ಟು ‘ಡೆಫ್ ಅಂಡ್ ಡಂಬ್’, ‘ಡೆಫ್-ಮ್ಯೂಟ್’, ‘ಡಿಫೆಕ್ಟಿವ್ಸ್’ ಎಂದೇ ನೋಡಬೇಕು. ಓದುವಾಗ ಮನಸ್ಸಿಗೆ ನೋವಾಗುತ್ತದೆ, ಆದರೆ ಕಡತ ಇರುವುದು ಆ ಹೆಸರಿನಲ್ಲೇ.

ಜನಗಣತಿಯ ಬಗ್ಗೆಯೂ ಕೇಳಿದ್ದೀರಿ. 1931ರವರೆಗಿನ ಗಣತಿಗಳಲ್ಲಿ ಕಿವುಡ-ಮೂಕರನ್ನು ಬೇರೆಯಾಗಿ ಎಣಿಸುತ್ತಿದ್ದರು, ಮೈಸೂರಿನ ಸಂಪುಟಗಳಲ್ಲೂ ಆ ಕೋಷ್ಟಕಗಳಿವೆ. ಆದರೆ ಮನೆಮನೆಯ ಚೀಟಿಗಳನ್ನು ಲೆಕ್ಕ ಮುಗಿದ ಮೇಲೆ ಉಳಿಸಿಕೊಳ್ಳಲಿಲ್ಲ. ಅಲ್ಲಿ ದೊಡ್ಡಜ್ಜ ಒಂದು ಅಂಕಿಯೊಳಗೆ ಸೇರಿಹೋಗಿದ್ದಾರೆ. ಹೆಸರಿಗಾಗಿ ಅಲ್ಲಿ ಹೊತ್ತು ಕಳೆಯಬೇಡಿ.

ಬೇರೆ ಜಿಲ್ಲೆಗಳ ಓದುಗರಿಗೂ ಇಲ್ಲೇ ಒಂದು ಮಾತು. 1956ಕ್ಕೆ ಮುಂಚೆ ನಿಮ್ಮ ಊರು ಯಾರ ಆಡಳಿತದಲ್ಲಿತ್ತು ಎಂಬುದರ ಮೇಲೆ ದಾಖಲೆಯ ದಿಕ್ಕು ಬದಲಾಗುತ್ತದೆ. ಧಾರವಾಡ, ಬೆಳಗಾವಿಯವರು ಮುಂಬಯಿಯ ಕಡೆ ನೋಡಬೇಕು. ಬಿಷಪ್ ಲಿಯೊ ಮ್ಯೂರಿನ್ ಅವರ ಪ್ರಯತ್ನದಿಂದ 1880ರ ದಶಕದಲ್ಲಿ ಅಲ್ಲಿ ಆರಂಭವಾದ ಶಾಲೆಯನ್ನೇ ಈ ದೇಶದಲ್ಲಿ ಕಿವುಡ ಮಕ್ಕಳ ಮೊದಲ ಶಾಲೆ ಎಂದು ಎಣಿಸುತ್ತಾರೆ. ಮಂಗಳೂರು, ಬಳ್ಳಾರಿಗಳು ಮದರಾಸು ಪ್ರಾಂತ್ಯದಲ್ಲಿದ್ದವು. ಆ ಪ್ರಾಂತ್ಯದ ತೆಂಕಣ ತುದಿಯ ಪಾಳಯಂಕೋಟೆಯಲ್ಲಿ ಫ್ಲಾರೆನ್ಸ್ ಸ್ವೇನ್ಸನ್ ಎಂಬ ಮಿಷನರಿ 1890ರ ದಶಕದಲ್ಲಿ ಶಾಲೆ ಕಟ್ಟಿದರು. ಅವರನ್ನು ಕಳಿಸಿದ ಜೆನಾನಾ ಮಿಷನರಿ ಸೊಸೈಟಿಯ ಕಾಗದಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿವೆ. ಆ ಊರಿನಲ್ಲಿ ಓದುವ, ಕೆಲಸ ಮಾಡುವ ಕನ್ನಡದ ಮಕ್ಕಳು ಯಾರಾದರೂ ಒಂದು ದಿನ ಬಿಡುವು ಮಾಡಿಕೊಂಡು ನೋಡಿಬಂದರೆ ದೊಡ್ಡ ಉಪಕಾರ.  

ಕೈಸನ್ನೆ ಮಾಡಬೇಡ ಎಂದು ಮನೆಯಲ್ಲಿ ಗದರಿಸುತ್ತಿದ್ದರು ಎಂದು ಬರೆದಿದ್ದೀರಲ್ಲ, ಅದಕ್ಕೆ ನಿಮ್ಮ ಮನೆಯವರನ್ನು ದೂರಬೇಡಿ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡರ ಶಿಕ್ಷಕರ ಸಮ್ಮೇಳನ ನಡೆಯಿತು. ಸನ್ನೆಗಿಂತ ತುಟಿ ನೋಡಿ ಕಲಿಯುವ ಬಾಯಿಮಾತೇ ಮೇಲು ಎಂದು ಅಲ್ಲಿ ನಿರ್ಣಯವಾಯಿತು. ಮತ ಹಾಕಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ. ನಮ್ಮ ದೇಶದ ಮೊದಲ ಶಾಲೆಗಳು ಹುಟ್ಟಿದ್ದು ಈ ಗಾಳಿ ಬೀಸುತ್ತಿದ್ದ ಕಾಲದಲ್ಲಿ. ಎಷ್ಟು ಮಕ್ಕಳು ಬಾಯಿಬಿಟ್ಟು ಮಾತಾಡಿದರು ಎಂಬುದೇ ಸಾಧನೆಯಾಯಿತು, ಹಾಸ್ಟೆಲಿನಲ್ಲಿ ದೀಪ ಆರುವವರೆಗೂ ಅವರು ಕೈಯಲ್ಲಿ ಆಡಿಕೊಂಡ ಮಾತು ಯಾವ ವರದಿಗೂ ಬೇಡವಾಯಿತು. ಆ ನಿರ್ಣಯದ ಬಗ್ಗೆ ಅದೇ ಸಮ್ಮೇಳನದ ಪರಂಪರೆಯವರು ವಿಷಾದ ವ್ಯಕ್ತಪಡಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ. ನೂರಮೂವತ್ತು ವರ್ಷ ಹಿಡಿಯಿತು.

ಹೀಗಾಗಿ ರಿಜಿಸ್ಟರ್ ಸಿಕ್ಕಿದರೂ ನಿಮ್ಮ ಕೆಲಸ ಅರ್ಧವೇ ಆದಂತೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಕಾಗದವೆಲ್ಲ ಕಿವಿ ಕೇಳುವವರು ಬರೆದದ್ದು. ಇನ್ನರ್ಧ ಆ ಶಾಲೆಗಳಲ್ಲಿ ಓದಿ ಈಗ ಎಪ್ಪತ್ತು ಎಂಬತ್ತು ದಾಟಿರುವ ಕಿವುಡ ಹಿರಿಯರ ಕೈಗಳಲ್ಲಿದೆ. ನಿಮ್ಮ ದೊಡ್ಡಜ್ಜನನ್ನು ಅವರು ಕಂಡಿರಲಾರರು. ಆದರೆ ದೊಡ್ಡಜ್ಜನ ಕಾಲದ ಮೇಷ್ಟರಿಗೆ, ಅಡುಗೆಯವರಿಗೆ, ಹಿರಿಯ ವಿದ್ಯಾರ್ಥಿಗಳಿಗೆ ಮಕ್ಕಳು ಇಟ್ಟುಕೊಂಡಿದ್ದ ಹೆಸರಸನ್ನೆಗಳು, ಅಂದರೆ ಹೆಸರಿನ ಬದಲು ಕೈಯಲ್ಲಿ ಮಾಡುವ ಗುರುತುಗಳು, ಒಂದು ತಂಡದಿಂದ ಮುಂದಿನ ತಂಡಕ್ಕೆ ದಾಟಿ ಬಂದಿರುತ್ತವೆ. ಗಲ್ಲದ ಮೇಲಿನ ಮಚ್ಚೆ, ಮೀಸೆಯ ತಿರುವು, ಕುಂಟುವ ನಡಿಗೆ, ಯಾವುದು ಕಣ್ಣಿಗೆ ಬಿತ್ತೋ ಅದೇ ಹೆಸರು. ಸ್ವೀಡನ್ನಿನಂಥ ಕಡೆ ವಸತಿಶಾಲೆಯ ಮಕ್ಕಳಿಗೆ ಕೊಟ್ಟ ನಂಬರೇ ಜೀವನಪೂರ್ತಿ ಹೆಸರಸನ್ನೆಯಾಗಿ ಉಳಿದದ್ದುಂಟು. ಅಲ್ಲಿ ಒಬ್ಬ ಮುದುಕರು ಗೆಳೆಯನನ್ನು ಸನ್ನೆಯಲ್ಲಿ ಕರೆದರೆ ಶಾಲೆಯ ನಂಬರೂ ಗೊತ್ತಾಗಿಬಿಡುತ್ತದೆ. ನಮ್ಮ ಶಾಲೆಗಳ ಹಿರಿಯರನ್ನೂ ಇದನ್ನು ಕೇಳಿ ನೋಡಬೇಕು.

1970ರ ದಶಕದ ಕೊನೆಯಲ್ಲಿ ಮದನ್ ವಸಿಷ್ಠ, ಜೇಮ್ಸ್ ವುಡ್‌ವರ್ಡ್ ಎಂಬ ಸಂಶೋಧಕರು ಮತ್ತು ಸಂಗಡಿಗರು ದೆಹಲಿ, ಕಲ್ಕತ್ತೆ, ಮುಂಬಯಿ, ಬೆಂಗಳೂರುಗಳ ಕಿವುಡರ ಸನ್ನೆಗಳನ್ನು ಸಂಗ್ರಹಿಸಿದರು. ವಸಿಷ್ಠರು ಸ್ವತಃ ಕಿವುಡರು. ಅಷ್ಟು ದೂರದ ಊರುಗಳಲ್ಲೂ ಸುಮಾರು ಮುಕ್ಕಾಲು ಪಾಲು ಸನ್ನೆಗಳು ಒಂದಕ್ಕೊಂದು ಹೊಂದುತ್ತವೆ ಎಂದು ಅವರು ಕಂಡರು. ಶಾಲೆಯ ವರದಿಗಳು ಕಣ್ಣೆತ್ತಿ ನೋಡದ ಭಾಷೆ ಊರೂರು ದಾಟಿ ಬೆಳೆದಿತ್ತು. ಅದು ಹೇಗೆ ಹರಡಿತು, ಯಾವ ಶಾಲೆಯ ಹುಡುಗರು ಯಾವ ಊರಿಗೆ ಕೆಲಸಕ್ಕೆ ಹೋದಾಗ ಒಯ್ದರು ಎಂಬುದನ್ನು ತಿಳಿಯಲು ಇಂಥ ರಿಜಿಸ್ಟರುಗಳು ಬೇಕೇ ಬೇಕು. ಅಮೆರಿಕದಲ್ಲಿ 1893ರಲ್ಲೇ ಪ್ರತಿ ಕಿವುಡರ ಶಾಲೆಯಿಂದ ಅದರ ಚರಿತ್ರೆ ಬರೆಸಿ ಮೂರು ಸಂಪುಟ ಅಚ್ಚು ಹಾಕಿಸಿದರು. ಅಲ್ಲಿನ ಬಹಳಷ್ಟು ಶಾಲೆಗಳಲ್ಲಿ ಮುದ್ರಣವನ್ನೇ ಕಸುಬಾಗಿ ಕಲಿಸುತ್ತಿದ್ದುದರಿಂದ ಮಕ್ಕಳೇ ಅಚ್ಚಿನ ಮೊಳೆ ಜೋಡಿಸಿ ಶಾಲೆಯ ಪತ್ರಿಕೆ ಹೊರಡಿಸುತ್ತಿದ್ದರು. ಇವತ್ತು ಅಲ್ಲಿ ಮುತ್ತಜ್ಜನನ್ನು ಹುಡುಕುವವರಿಗೆ ಆ ಪತ್ರಿಕೆಗಳೇ ಆಧಾರ. 1901ರ ಶಾಲೆಗೆ ಅಂಥದೊಂದು ಚರಿತ್ರೆ ಕನ್ನಡದಲ್ಲಿ, ಸನ್ನೆಭಾಷೆಯ ವಿಡಿಯೊ ಸಮೇತ ಬರಬೇಕು. ಅದನ್ನು ಮಾಡುವ ತಂಡದಲ್ಲಿ ಕಿವುಡರೇ ಮುಂದಿರಬೇಕು.

ನಿಮಗೆ ಈಗ ಮಾಡಲು ಹೇಳುವುದು ಇಷ್ಟು. ಫೋಟೋವನ್ನು ಚೌಕಟ್ಟಿನಿಂದ ಬಿಡಿಸಿ ಹಿಂಬದಿ ನೋಡಿ. ಸ್ಟುಡಿಯೋದ ಮುದ್ರೆ ರಟ್ಟಿನ ಮೇಲೆ ಇರಬಹುದು, ಪೆನ್ಸಿಲಿನಲ್ಲಿ ಹೆಸರುಗಳಿರಬಹುದು. ಅಂಟಿಕೊಂಡಿದ್ದರೆ ಎಳೆಯಬೇಡಿ, ಹಾಗೇ ಸ್ಕ್ಯಾನ್ ಮಾಡಿಸಿ. ಒಂದು ಪ್ರತಿಯನ್ನು ಮೈಸೂರಿನ ಕಿವುಡರ ಸಂಘದವರಿಗೆ ತೋರಿಸಿ. ಜೊತೆಗೆ ಸನ್ನೆಭಾಷೆ ಬಲ್ಲ ದುಭಾಷಿಯೊಬ್ಬರು ಇರಲಿ, ಅವರಿಗೆ ಸಂಭಾವನೆ ಕೊಡಿ. ಹಿರಿಯರ ಒಪ್ಪಿಗೆ ಪಡೆದು ವಿಡಿಯೊ ಮಾಡಿ, ಕೈ ಮತ್ತು ಮುಖ ಎರಡೂ ಪೂರ್ತಿ ಕಾಣುವಂತೆ, ಬೆಳಕಿಗೆ ಎದುರಾಗಿ ಕೂರಿಸಿ. ದೊಡ್ಡಜ್ಜನ ಹೆಸರು, ಅವರ ತಂದೆಯ ಹೆಸರು, ಹೋಬಳಿ ಸಮೇತ ಊರಿನ ಹೆಸರು ನಮಗೆ ಬರೆದು ಕಳಿಸಿದರೆ ಮಾಹಿತಿ ಹಕ್ಕಿನ ಅರ್ಜಿಯ ಕರಡನ್ನು ನಮ್ಮ ಕಚೇರಿಯಲ್ಲೇ ಸಿದ್ಧಮಾಡಿ ಕಳಿಸುತ್ತೇವೆ. ಇದೇ ಶಾಲೆಯಲ್ಲಿ ಓದಿದವರು, ಕಲಿಸಿದವರು, ಅವರ ಮನೆಯವರು ಈ ಪುಟ ಓದುತ್ತಿದ್ದರೆ ದಯವಿಟ್ಟು ಬರೆಯಿರಿ. ಬರೆಯುವುದು ಕಷ್ಟವಾದರೆ ಸನ್ನೆಯಲ್ಲಿ ಹೇಳಿದ ವಿಡಿಯೊ ಕಳಿಸಿ. ಅದನ್ನು ಓದಬಲ್ಲವರಿಂದ ಓದಿಸಿ, ನಿಮಗೆ ತೋರಿಸಿ, ನೀವು ಸರಿ ಎಂದ ಮೇಲೆ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ