ವಾಹನ ಪ್ರಶ್ನೋತ್ತರ: ಹಂಪ್ ದಾಟಿದ ಮೇಲೆ ಬೆಲ್ಟ್ ಮುಟ್ಟಿ ನೋಡಿ

ಪ್ರಶ್ನೆ: ಹತ್ತು ವರ್ಷದಿಂದ ಶೆಡ್ಡಿನಲ್ಲಿ ನಿಂತಿರುವ ಅಂಬಾಸಿಡರ್ ಕಾರನ್ನು ರಿಪೇರಿಗೆ ಬೆಂಗಳೂರಿಗೆ ಸಾಗಿಸಬೇಕಿದೆ. ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಪರಿಚಯದವರ ಟ್ರೇಲರ್ ಸಿಗುತ್ತದೆ, ಎಳೆಯಲು ಪಿಕಪ್ ಇದೆ. ಬಂಪರಿಗೆ ನೈಲಾನ್ ಹಗ್ಗ ಬಿಗಿದರೆ ಸಾಕೆನ್ನುತ್ತಾರೆ. ಶಿರಾಡಿ ಘಾಟಿ ಹತ್ತಬೇಕಲ್ಲ, ಹೆದರಿಕೆ.
– ಓದುಗರು, ಪುತ್ತೂರು

ಉತ್ತರ: ಸಾಲದು. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ, ನೆನೆದರೆ ಇನ್ನಷ್ಟು. ಬಂಪರಂತೂ ಕಾರಿನ ಭಾರ ತಡೆಯಲು ಮಾಡಿದ್ದೇ ಅಲ್ಲ. 50 ಮಿ.ಮೀ. ಅಗಲದ, ಹಲ್ಲುಚಕ್ರ ತಿರುಗಿಸಿ ಬಿಗಿಯುವ ಪಾಲಿಯೆಸ್ಟರ್ ರ‍್ಯಾಚೆಟ್ ಬೆಲ್ಟ್ ನಾಲ್ಕು ತನ್ನಿ, ಇನ್ನೊಂದು ಕೈಯಲ್ಲಿರಲಿ. ಕೊಕ್ಕೆಯ ಬಾಯಿ ಮುಚ್ಚುವ ನಾಲಗೆ ಇರುವಂಥದ್ದೇ ಬೇಕು. ಏಕೆಂದರೆ ದಾರಿಯಲ್ಲಿ ಬೆಲ್ಟ್ ಹರಿಯುವುದಕ್ಕಿಂತ ಹೆಚ್ಚಾಗಿ ಕೊಕ್ಕೆ ಕಳಚುತ್ತದೆ. ಬೆಲ್ಟನ್ನು ಕಾರಿನ ಮೈಗೆ (ಬಾಡಿ) ಅಥವಾ ಚಾಸಿಸ್ಸಿಗೆ ಬಿಗಿದಿದ್ದರೆ, ಹಂಪ್ ಹತ್ತಿಳಿಯುವಾಗ ಸ್ಪ್ರಿಂಗ್ ಕುಗ್ಗಿ ಕಾರು ಒಂದೆರಡು ಇಂಚು ಕೆಳಗಿಳಿಯುತ್ತದೆ. ಆ ಕ್ಷಣ ಬೆಲ್ಟ್ ಜೋಲುತ್ತದೆ, ತೆರೆದ ಬಾಯಿಯ ಕೊಕ್ಕೆ ಬಿದ್ದುಹೋಗುತ್ತದೆ. ಆದ್ದರಿಂದ ಸ್ಪ್ರಿಂಗಿಗಿಂತ ಕೆಳಗಿನ ಭಾಗವನ್ನು, ಅಂದರೆ ಚಕ್ರ ಅಥವಾ ಎರಡು ಚಕ್ರ ಸೇರಿಸುವ ಆಕ್ಸಲನ್ನು ಬಿಗಿಯಿರಿ. ಮೇಲೆ ಬಾಡಿ ಎಷ್ಟು ಕುಣಿದರೂ ಬೆಲ್ಟಿಗೆ ತಾಗುವುದಿಲ್ಲ.

ನಿಮ್ಮ ಕಾರಿಗೆ ಹಿಂದೆ ಲೀಫ್ ಸ್ಪ್ರಿಂಗು (ಉಕ್ಕಿನ ಪಟ್ಟಿಯ ಸ್ಪ್ರಿಂಗ್), ಅದಕ್ಕೆ ಬಿಗಿದ ಗಟ್ಟಿ ಆಕ್ಸಲ್. ಚಕ್ರದ ಸಮೀಪ ಆಕ್ಸಲ್ ಕೊಳವೆಗೆ ದಪ್ಪ ಬಟ್ಟೆಪಟ್ಟಿಯ ಕುಣಿಕೆ ಹಾಕಿ, ರ‍್ಯಾಚೆಟ್ಟನ್ನು ಅದಕ್ಕೆ ಸೇರಿಸಿ. ಕೈಯಾಡಿಸಿ ನೋಡಿ: ಆಕ್ಸಲ್ ಮೇಲೆಯೇ ಬ್ರೇಕ್ ಪೈಪ್ ಹಾದಿರುತ್ತದೆ, ಕುಣಿಕೆಯಡಿ ಸಿಕ್ಕರೆ ಅಪ್ಪಚ್ಚಿ. ಮುಂದೆ ಟೈರನ್ನು ಸುತ್ತಿ ಹಿಡಿಯುವ ವ್ಹೀಲ್ ಬೆಲ್ಟ್ ಒಳ್ಳೆಯದು. ಸ್ಟಿಯರಿಂಗ್ ರಾಡಿಗೆ ಕೊಕ್ಕೆ ಹಾಕಬೇಡಿ, ಬಾಗಿದರೆ ವ್ಹೀಲ್ ಅಲೈನ್‌ಮೆಂಟ್ ಕೆಡುತ್ತದೆ. ಹತ್ತು ವರ್ಷ ನಿಂತ ಟೈರಿನಲ್ಲಿ ಗಾಳಿ ಸೋರುತ್ತಿರಬಹುದು. ದಾರಿಯಲ್ಲಿ ಟೈರ್ ಇಳಿದರೆ ಅದನ್ನು ಸುತ್ತಿದ ಬೆಲ್ಟೂ ಸಡಿಲ. ಹಿಂದಿನ ದಿನವೇ ಗಾಳಿ ತುಂಬಿಸಿ, ಬೆಳಿಗ್ಗೆ ನಿಂತಿದೆಯೇ ನೋಡಿ.

ಇನ್ನು ಲೆಕ್ಕ. ಅಂಬಾಸಿಡರ್ ಸುಮಾರು 1,100 ಕೆಜಿ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಸರಕು ತನ್ನ ತೂಕದ ಶೇ 80ರಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆಂದು ಯುರೋಪಿನ ಮಾನದಂಡ ಎಣಿಸುತ್ತದೆ. ನಿಮ್ಮ ಕಾರಿಗೆ ಅದು 880 ಕೆಜಿ. ಇದನ್ನು ತಡೆಯುವುದು ಕಾರಿನಿಂದ ಹಿಂದಕ್ಕೆ ಎಳೆದ ಎರಡು ಬೆಲ್ಟು ಮಾತ್ರ. ಓರೆಯಾಗಿ ಎಳೆದಿರುವುದರಿಂದ ಒಂದೊಂದರ ಮೇಲೂ 600 ಕೆಜಿ ದಾಟಬಹುದು. ಘಾಟಿ ಹತ್ತುವ ಭಯದಲ್ಲಿ ಎಲ್ಲರೂ ಮುಂದಿನ ಬೆಲ್ಟಿಗೇ ಜೋರು ಹಾಕಿ, ಹಿಂದಿನದನ್ನು ಹೆಸರಿಗೆ ಬಿಗಿಯುತ್ತಾರೆ. ಏರಿನಲ್ಲಿ ಮುಂದಿನದು ಹಿಡಿಯುವುದು ನಿಜ, ಆದರೆ ಲಾರಿ ಅಡ್ಡ ಬಂದಾಗ ಕಾಯುವುದು ಹಿಂದಿನದು.

ಕಾರನ್ನು ಮೇಲೇರಿಸಲು ವಿಂಚ್ (ಹಗ್ಗ ಸುತ್ತಿ ಎಳೆಯುವ ಸಾಧನ) ಬಳಸಿ. ಒಬ್ಬರು ಪಕ್ಕದಲ್ಲಿ ನಡೆಯುತ್ತ ಹಿಂದಿನ ಟೈರಿಗೆ ಮರದ ಬೆಣೆ ಕೊಡುತ್ತ ಬರಲಿ, ಕಾರಿನ ಹಿಂದೆ ಯಾರೂ ನಿಲ್ಲಬಾರದು. ಎಂಜಿನ್ ಪಿಕಪ್ ಕಡೆಗೇ ಇರಲಿ. ಒಟ್ಟು ತೂಕದ ಹತ್ತರಲ್ಲೊಂದು ಪಾಲು ಎಳೆಯುವ ಕೊಂಡಿಯ ಮೇಲೆ ಬೀಳಬೇಕು, ಆದರೆ ಕೊಂಡಿಯ ಮಿತಿ ಮೀರಬಾರದು. ಕಾರು ಹಿಂದೆ ಸರಿದಿದ್ದರೆ ವೇಗದಲ್ಲಿ ಟ್ರೇಲರ್ ಬಾಲ ಅಲ್ಲಾಡಿಸತೊಡಗುತ್ತದೆ, ಆಮೇಲೆ ಹಿಡಿತಕ್ಕೆ ಸಿಗುವುದು ಕಷ್ಟ. ಅಡಿಕೆ ಅಂಗಡಿಯ ಪ್ಲಾಟ್‌ಫಾರ್ಮ್ ತಕ್ಕಡಿ ಸಿಕ್ಕರೆ, ಟ್ರೇಲರನ್ನು ಮಟ್ಟಸವಾಗಿಟ್ಟು ಕೊಂಡಿಯಡಿ ಮರದ ತುಂಡು ಕೊಟ್ಟು ತೂಗಿಬಿಡಿ.

ಬಿಗಿಯುವಾಗ ಕಾರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ, ಚಕ್ರಕ್ಕೆ ಬೆಣೆ ಇರಲಿ, ವಿಂಚ್ ಹಗ್ಗವೂ ಹಿಡಿದಿರಲಿ. ಮುಂದಿನದನ್ನು ಒಂದಿಷ್ಟು, ಹಿಂದಿನದನ್ನು ಒಂದಿಷ್ಟು, ಹೀಗೆ ಸರದಿಯಲ್ಲಿ ಎಳೆಯಿರಿ. ರ‍್ಯಾಚೆಟ್ ಉರುಳೆಗೆ ಬೆಲ್ಟ್ ಎರಡು ಸುತ್ತಾದರೂ ಬರಬೇಕು, ಮೂರು ಮೀರಿದರೆ ಬಿಚ್ಚುವಾಗ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಮೊದಲ ಗಿಯರ್, ಹ್ಯಾಂಡ್‌ಬ್ರೇಕ್, ಆಮೇಲೆ ವಿಂಚ್ ಸಡಿಲಿಸಿ. ವಿಂಚ್ ಇರುವುದು ಎಳೆಯಲು, ಕಟ್ಟಲಿಕ್ಕಲ್ಲ. ಹೊರಟ ಮೇಲೆ ಉಪ್ಪಿನಂಗಡಿಯಲ್ಲಿ ಒಮ್ಮೆ, ಗುಂಡ್ಯದಲ್ಲಿ ಘಾಟಿಗೆ ಮೊದಲು ಒಮ್ಮೆ, ಸಕಲೇಶಪುರದಲ್ಲಿ ಒಮ್ಮೆ ಇಳಿದು ಬೆಲ್ಟ್ ಮುಟ್ಟಿ ನೋಡಿ. ಮೊದಲ ನಿಲುಗಡೆಯಲ್ಲೇ ಒಂದೆರಡು ಹಲ್ಲು ಬಿಗಿಯಬೇಕಾದೀತು.

ಪ್ರಶ್ನೆ: ಬೆಲ್ಟ್ ಮೇಲೆ 5 ಟನ್ ಎಂದಿತ್ತು. ಒಂದು ಟನ್ನಿನ ಕಾರಿಗೆ ಹರಿಯಿತು. ನಕಲಿ ಮಾಲೇ?
– ಓದುಗರು, ಚಿಕ್ಕಮಗಳೂರು

ಉತ್ತರ: ನಕಲಿಯೇ ಆಗಬೇಕಿಲ್ಲ. ಅನೇಕ ಬೆಲ್ಟುಗಳಲ್ಲಿ ದೊಡ್ಡದಾಗಿ ಅಚ್ಚು ಹಾಕುವುದು ಹರಿಯುವ ಮಿತಿ. ಕೆಲಸದ ಮಿತಿ ಅದರ ಅರ್ಧ ಅಥವಾ ಮೂರನೇ ಒಂದು ಪಾಲು, ಚಿಕ್ಕ ಲೇಬಲ್ಲಿನಲ್ಲಿರುತ್ತದೆ. ಹರಿದ ತುದಿ ನೋಡಿ. ನೇರವಾಗಿ ಕತ್ತರಿಸಿದಂತಿದ್ದರೆ ಟ್ರೇಲರಿನ ಚೂಪು ಅಂಚು ಗರಗಸದ ಕೆಲಸ ಮಾಡಿದೆ. ಅಲ್ಲಿ ಹಳೇ ಟ್ಯೂಬಿನ ತುಂಡು ಸುತ್ತಬೇಕಿತ್ತು. ಉದ್ದ ಹೆಚ್ಚಾಯಿತೆಂದು ಗಂಟು ಹಾಕಿದ್ದರೆ ಗಂಟಿನಲ್ಲೇ ಬಲ ಅರ್ಧದಷ್ಟು ಹೋಗಿರುತ್ತದೆ. ಬಿಸಿಲಿಗೆ ಬಣ್ಣ ಮಾಸಿ ಒರಟಾದ ಬೆಲ್ಟನ್ನು ಸೌದೆ ಕಟ್ಟಲು ಇಟ್ಟುಕೊಳ್ಳಿ.

ಪ್ರಶ್ನೆ: ಕಾರನ್ನು ಸಾಗಣೆ ಲಾರಿಯಲ್ಲಿ ಪುಣೆಗೆ ಕಳಿಸುತ್ತಿದ್ದೇನೆ. ಏನು ಗಮನಿಸಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ಲಾರಿಗೆ ಏರಿಸುವ ಮುನ್ನ ನಾಲ್ಕೂ ಬದಿಯ, ಮೀಟರಿನ ಫೋಟೊ ತೆಗೆಯಿರಿ. ಪೆಟ್ರೋಲ್ ಕಾಲು ಟ್ಯಾಂಕಿಗಿಂತ ಹೆಚ್ಚು ಬೇಡ. ನಾಲ್ಕೂ ಚಕ್ರಕ್ಕೆ ಬೆಲ್ಟ್ ಹಾಕಿದ್ದನ್ನು ಕಣ್ಣಾರೆ ನೋಡಿ. ಗಾಜಿನ ಮೇಲಿನ ಫಾಸ್ಟ್ಯಾಗನ್ನು ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿ. ಇಲ್ಲವಾದರೆ ಲಾರಿಯ ಟೋಲ್ ಜೊತೆ ನಿಮ್ಮದೂ ಕಡಿತವಾದೀತು!