10 ಬೈ 10 ರೂಮಿಗೆ ಫೋಮ್ ಹಾಕಿಸ್ಲಾ, ಮೊಟ್ಟೆ ಟ್ರೇ ಸಾಕಾ? ಎರಡೂ ಬೇಡ, ರೂಮೇ ಬದಲಾಯ್ಸಿ

ಚಿಕ್ಕಮಗಳೂರಲ್ಲಿ ಮಹಡಿ ಮೇಲಿನ 10 ಬೈ 10 ರೂಮನ್ನ ಹಾಡು ರೆಕಾರ್ಡಿಂಗಿಗೆ, ಮಿಕ್ಸಿಂಗಿಗೆ (ರೆಕಾರ್ಡ್ ಆದ ದನಿ, ವಾದ್ಯ ಎಲ್ಲಾ ಹದವಾಗಿ ಬೆರೆಸೋದಕ್ಕೆ) ರೆಡಿ ಮಾಡ್ತಿದ್ದೀರಿ, ಪಕ್ಕದ 11 ಬೈ 15 ರೂಮಲ್ಲಿ ಹಳೇ ಸಾಮಾನು ತುಂಬಿದೆ, ಮಳೆ ಸದ್ದೂ ನಿಲ್ಬೇಕು, ನಾಲ್ಕೂ ಗೋಡೆಗೆ ಒಂದಿಂಚು ಫೋಮ್ ಅಂಟಿಸ್ಲಾ ಅಂತ ಕೇಳಿದ್ದೀರಿ. ಓದ್ತಾ ಓದ್ತಾ ನನ್ನ ಹಳೇ ರೂಮೇ ಕಣ್ಮುಂದೆ ಬಂತು. ದಯವಿಟ್ಟು ಅಂಟಿಸ್ಬೇಡಿ.

ನಮ್ಮನೆ ಹಾಸನದ ವಿದ್ಯಾನಗರದಲ್ಲಿ. ಹಿಂದಿನ ರೂಮು ಹತ್ತಡಿ ಉದ್ದ, ಹತ್ತಡಿ ಅಗಲ, ಸೀಲಿಂಗೂ ಹತ್ತಡಿ. ಸ್ಟುಡಿಯೋ ಫೋಟೋಗಳನ್ನ ನೋಡಿ ನಾಲ್ಕೂ ಗೋಡೆಗೆ ಕಪ್ಪು ಪಿರಮಿಡ್ ಫೋಮ್ ಅಂಟಿಸ್ದೆ, ಒಂದ್ ಚೂರೂ ಗೋಡೆ ಕಾಣ್ಬಾರ್ದು ಹಂಗೆ. ಚಪ್ಪಾಳೆ ತಟ್ಟಿದ್ರೆ ಟಪ್ ಅಂತ ಅಲ್ಲೇ ನಿಂತೋಗೋದು, ಸರಿ ಸ್ಟುಡಿಯೋ ಆಯ್ತು ಅಂದ್ಕೊಂಡು ಕುರ್ಚಿ ರೂಮಿನ ನಡುವಿಗೆ ಬರೋ ಹಂಗೆ ಟೇಬಲ್ ಹಾಕ್ಕೊಂಡೆ. ಮೊದಲ್ನೇ ದೊಡ್ಡ ಕೆಲಸ ಒಬ್ರು ರಿಟೈರ್ಡ್ ಮೇಷ್ಟ್ರದ್ದು, ಭಾವಗೀತೆ, ಜೊತೆಗೆ ಹಾರ್ಮೋನಿಯಂ, ತಬಲಾ. ಮಿಕ್ಸ್ ಮಾಡೋವಾಗ ಡಗ್ಗ (ತಬಲಾ ಜೋಡಿಯ ದಪ್ಪ ದನಿಯದ್ದು) ನುಡಿಸಿದಾಗೆಲ್ಲ ರೂಮು ಗುಂಯ್ ಅನ್ನೋದು, ಮೇಷ್ಟ್ರು ಮಂದ್ರಕ್ಕೆ ಇಳಿದ್ರೂ ಅದೇ. ಒಂದೊಂದು ಸ್ವರದ ಸದ್ದನ್ನ ಬೇರೆಬೇರೆಯಾಗಿ ಏರಿಸಿ ಇಳಿಸೋ ಈಕ್ಯೂನಲ್ಲಿ ಹುಡುಕಿದ್ರೆ 110 ಹರ್ಟ್ಜ್, ಅಂದ್ರೆ ಸೆಕೆಂಡಿಗೆ 110 ಕಂಪನ, ಆಸುಪಾಸು. ಅಲ್ಲಿ 6 ಡೆಸಿಬಲ್ ಇಳಿಸ್ದೆ, ಸಾಲ್ದು ಅಂತ ಇನ್ನೊಂದಿಷ್ಟು ಇಳಿಸ್ದೆ, ಬಹಳ ಕ್ಲೀನ್ ಅನ್ನಿಸ್ತು, ಕಳಿಸ್ಬಿಟ್ಟೆ.

ಮಾರನೇ ದಿನ ಮೇಷ್ಟ್ರ ಫೋನು. ಮಗನ ಕಾರಲ್ಲಿ ಹಾಕಿ ಕೇಳಿದ್ರಂತೆ. "ಏನಪ್ಪ, ಎಲ್ಲಾ ಗಂಟಲಲ್ಲೇ ಹಾಡ್ದಂಗಿದೆ, ಎದೆ ದನಿ ಎಲ್ಲೋಯ್ತು?" ಅಂದ್ರು. ನಾನೂ ಬೇರೆ ಕಡೆ ಹಾಕಿ ಕೇಳ್ದೆ, ಡಗ್ಗ ಖಾಲಿ ಡಬ್ಬ ಬಡಿದಂಗೆ ಕೇಳ್ತಿತ್ತು. ವಾಪಸ್ ಬಂದು ಅದೇ ಕುರ್ಚಿಲಿ ಕೂತು ಮತ್ತೆ ಮಿಕ್ಸ್ ಮಾಡಿದ್ರೆ ಮತ್ತೆ ಅದೇ ಫಲ. ಕೊನೆಗೆ ಅವ್ರು ಬೆಂಗಳೂರಲ್ಲಿ ಮಾಡಿಸ್ಕೊಂಡ್ರು, ಅವ್ರ ಕಡೆಯಿಂದ ಬರ್ಬೇಕಿದ್ದ ಕೆಲಸಗಳೂ ಹಂಗೇ ಕೈ ಬಿಟ್ಟೋದ್ವು.

ಏನಾಗಿತ್ತು ಅಂತ ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಓದಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. 112 ಹರ್ಟ್ಜ್ ಸ್ವರದ ಒಂದು ಅಲೆ ಮೂರು ಮೀಟರ್ ಚಿಲ್ರೆ, ಅಂದ್ರೆ ಹತ್ತಡಿ. ಹತ್ತಡಿ ರೂಮಲ್ಲಿ ಆ ಅಲೆ ಗೋಡೆಯಿಂದ ಗೋಡೆಗೆ ಅಳೆದಂಗೆ ಕೂರುತ್ತೆ, ಹೋಗೋದೂ ಬರೋದೂ ಸೇರ್ಕೊಂಡು ಅಲ್ಲೇ ನಿಂತ್ಬಿಡುತ್ತೆ. ಅದರರ್ಧ 56 ಹರ್ಟ್ಜಿಗೂ ಇದೇ ಕಥೆ, ಅದರ ಅರ್ಧ ಅಲೆ ಹತ್ತಡಿ. ಇನ್ನು ಉದ್ದ ಅಗಲ ಎತ್ತರ ಮೂರೂ ಒಂದೇ ಆಗ್ಬಿಟ್ರೆ ಮೂರು ದಿಕ್ಕಿಂದೂ ಅದೇ ಸ್ವರದ ಮೇಲೇ ಬಂದು ಬೀಳುತ್ತೆ. ರೂಮಿನ ನಟ್ಟನಡುವೆ 112 ಜೋರು, 56 ಹೆಚ್ಚುಕಮ್ಮಿ ಮಾಯ, ನನ್ನ ಕುರ್ಚಿ ಇದ್ದಿದ್ದೂ ಅಲ್ಲೇ. ಹಾಡಲ್ಲಿ ಇಲ್ದೇ ಇರೋ ಗುಂಯ್ ಅನ್ನೋದನ್ನ ನಾನು ಹಾಡಿಂದ ಕಿತ್ತಾಕಿದ್ದೆ, ಗಂಡಸರ ಕೆಳಗಿನ ಸ್ವರಗಳು, ಡಗ್ಗದ ತೂಕ ಎಲ್ಲಾ ಇರೋದು ಅದರ ಸುತ್ತಮುತ್ತಲೇ ಅಲ್ವಾ, ಅದೂ ಜೊತೆಗೇ ಹೋಯ್ತು.

ಫೋಮು ಯಾಕೆ ಕೈ ಹಿಡೀಲಿಲ್ಲ? ಒಂದಿಂಚಿನ ಫೋಮು ಹೀರ್ಕೊಳ್ಳೋದು ಮೇಲಿನ ಸ್ವರಗಳನ್ನ ಮಾತ್ರ, ಸ, ಶ ಅಕ್ಷರಗಳ ಚೂಪು, ತಾಳದ ಕಿಣಿಕಿಣಿ, ಇಂಥದ್ದು. ಹತ್ತಡಿ ಅಲೆಗೆ ಅದು ಇದ್ರೂ ಒಂದೇ ಇಲ್ದಿದ್ರೂ ಒಂದೇ. ಮೇಲಿಂದೆಲ್ಲ ಸತ್ತಿದ್ರಿಂದ ಕೆಳಗಿನ ಗುಂಯ್ ಇನ್ನೂ ಎದ್ದು ಕೇಳ್ತಿತ್ತು. ಚಪ್ಪಾಳೆಯಲ್ಲಿ ಆ ಕೆಳಗಿನ ಸ್ವರ ಇರೋದೇ ಕಮ್ಮಿ, ಅದನ್ನ ನಂಬ್ಬೇಡಿ. ಮೊಟ್ಟೆ ಟ್ರೇ ಅಂತೂ ಫೋಮಿಗಿಂತ ಕಡೆ. ಅನುಮಾನ ಇದ್ರೆ ಸ್ಪೀಕರಲ್ಲಿ 112 ಹರ್ಟ್ಜ್ ಟೋನ್ ಬಿಟ್ಟು ರೂಮಿನ ನಡುವಿಂದ ಮೆಲ್ಲಗೆ ಹಿಂದಕ್ಕೆ ಸರೀರಿ. ನನ್ನ ರೂಮಲ್ಲಿ ಕುರ್ಚಿ ಹತ್ರ ಕಿವಿ ಒತ್ತೋದು, ಎರಡೂವರೆ ಅಡಿ ಹಿಂದೆ ಬಂದ್ರೆ ಸದ್ದು ಇಳಿದೋಗೋದು, ಗೋಡೆಗೆ ಬೆನ್ನು ತಾಗೋ ಹೊತ್ತಿಗೆ ಮತ್ತೆ ಜೋರು. ಸ್ಪೀಕರ್ ವಾಲ್ಯೂಮ್ ಮುಟ್ಟೇ ಇರ್ಲಿಲ್ಲ.

ಅದಕ್ಕೇ ಹೇಳ್ತಿರೋದು, ಯಾವ ಫೋಮು ಅನ್ನೋ ಪ್ರಶ್ನೆ ಬಿಡಿ, ಸಾಮಾನನ್ನ 10 ಬೈ 10ಕ್ಕೆ ಸಾಗಿಸಿ ನೀವು ದೊಡ್ಡ ರೂಮಿಗೆ ಹೋಗಿ. ಸೀಲಿಂಗ್ ಹತ್ತಡಿ ಅಂತಿಟ್ಕೊಂಡ್ರೆ ಅಲ್ಲಿ ನಿಂತ್ಬಿಡೋ ಅತಿ ಕೆಳಗಿನ ಸ್ವರ 15 ಅಡಿಗೆ 37.5, 11 ಅಡಿಗೆ 51, 10 ಅಡಿಗೆ 56 ಹರ್ಟ್ಜ್, ಚದುರಿ ಹೋಗುತ್ತೆ, ಮೂರೂ ಒಂದೇ ಕಡೆ ಗುಡ್ಡೆ ಬೀಳಲ್ಲ. ಸ್ಪೀಕರ್ 11 ಅಡಿ ಗೋಡೆ ಕಡೆ, ನೀವು ಆ ಗೋಡೆಯಿಂದ ಐದೂಮುಕ್ಕಾಲು ಅಡಿ ದೂರ ಕೂತು ಶುರು ಮಾಡಿ, ಆಮೇಲೆ ಹಿಂದೆ ಮುಂದೆ ಸರಿಸ್ತಾ ಕೇಳಿ. ಖರ್ಚಿಲ್ದೆ ಆಗೋ ಕೆಲಸ ಇದೇ, ಜನ ಮಾಡ್ದೇ ಇರೋದೂ ಇದನ್ನೇ.

ದುಡ್ಡು ಹಾಕೋ ಮುಂಚೆ ಮನೇಲಿರೋ ಹತ್ತಿ ಹಾಸಿಗೆಗಳನ್ನ ಸುತ್ತಿ ಮೂಲೆಗಳಲ್ಲಿ ನಿಲ್ಲಿಸಿ ಕೇಳಿ. ರೂಮಿನ ಸದ್ದಿನ ಈ ಶಾಸ್ತ್ರ ಶುರುವಾಗಿದ್ದೇ ಹಂಗೆ. 1895ರಲ್ಲಿ ಹಾರ್ವರ್ಡಿನ ಒಂದು ಲೆಕ್ಚರ್ ಹಾಲಲ್ಲಿ ಮಾತು ಅರ್ಥ ಆಗ್ತಿರ್ಲಿಲ್ಲ ಅಂತ ಸರಿ ಮಾಡೋಕೆ ಹೇಳಿದ್ದು ವ್ಯಾಲೇಸ್ ಸಬೈನ್ ಅನ್ನೋ ಫಿಸಿಕ್ಸ್ ಮೇಷ್ಟ್ರಿಗೆ. ಅವ್ರು ಹತ್ತಿರದ ಥಿಯೇಟರಿನ ಸೀಟ್ ಕುಶನ್ ಹೊತ್ತು ತಂದು, ರಾತ್ರಿ ಹೊತ್ತು ಆರ್ಗನ್ ಪೈಪ್ ಊದಿಸಿ, ಎಷ್ಟು ಕುಶನ್ನಿಗೆ ಸದ್ದು ಎಷ್ಟು ಬೇಗ ಆರುತ್ತೆ ಅಂತ ಅಳೆದ್ರು. ದಪ್ಪ ಮತ್ತು ವಿಸ್ತೀರ್ಣ, ಕೆಲಸ ಮಾಡೋದು ಅವೇ.

ಆಮೇಲೆ ಸದ್ದು ಹೀರೋ ಪ್ಯಾನೆಲ್ ಮಾಡೋಕೆ ರಾಕ್‌ವೂಲ್, ಅಂದ್ರೆ ಕಲ್ಲಿನ ನಾರಿನ ಸ್ಲ್ಯಾಬ್. ಘನ ಮೀಟರಿಗೆ 48 ಕೆಜಿ ಡೆನ್ಸಿಟಿದು, ಎರಡಿಂಚಿನ ಸ್ಲ್ಯಾಬ್ ಎರಡು ಸೇರಿಸಿ ನಾಲ್ಕಿಂಚು ಮಾಡಿ, ಫಾಲ್ಸ್ ಸೀಲಿಂಗ್, ಇನ್ಸುಲೇಶನ್ ಸಾಮಾನು ಮಾರೋರ ಹತ್ರ ವಿಚಾರಿಸಿ. ಫ್ರೇಮಿಗೆ ನಿಮ್ಮೂರಲ್ಲಿ ಸಿಲ್ವರ್ ಓಕ್ ಹಲಗೆಗೆ ಬರಾನಾ? ಒಳಗೆ ತೆಳು ಕಾಟನ್, ಮೇಲೆ ಕಾಫಿ ಮೂಟೆಯ ಗೋಣಿ ಬಟ್ಟೆ, ತೊಳೆದು ಒಣಗಿಸಿದ್ದು. ಬಟ್ಟೆಗೆ ಬಾಯಿಟ್ಟು ಊದಿದ್ರೆ ಗಾಳಿ ಆಚೆ ಹೋಗ್ಬೇಕು, ರೆಕ್ಸಿನ್ ಬೇಡವೇ ಬೇಡ. ಕತ್ತರಿಸೋವಾಗ ಮಾಸ್ಕ್, ಗ್ಲೌಸ್ ಹಾಕ್ಕೊಳ್ಳಿ, ನಾರು ಚುಚ್ಚುತ್ತೆ. ಮೊದಲು ನಾಲ್ಕು ಮೂಲೆ, ಆಮೇಲೆ ಅಕ್ಕಪಕ್ಕದ ಗೋಡೆ, ನೀವು ಕೂತಿರುವಾಗ ಒಬ್ರು ಗೋಡೆ ಮೇಲೆ ಕನ್ನಡಿ ಸರಿಸ್ಲಿ, ಸ್ಪೀಕರ್ ಎಲ್ಲಿ ಕಾಣುತ್ತೋ ಪ್ಯಾನೆಲ್ ಅಲ್ಲಿ. ತಲೆ ಮೇಲೊಂದು. ಗೋಡೆಗೆ ಅಂಟಿಸದೆ ಮೂರ್ನಾಲ್ಕು ಇಂಚು ಬಿಟ್ಟು ನಿಲ್ಲಿಸಿ, ಕೆಳಗಿನ ಸ್ವರ ಇನ್ನೂ ಚೆನ್ನಾಗಿ ಹೀರುತ್ತೆ, ಮಲೆನಾಡಿನ ಶೀತಕ್ಕೆ ಹಿಂದೆ ಗಾಳಿಯೂ ಆಡುತ್ತೆ, ಇಲ್ದಿದ್ರೆ ಒಂದು ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತೆ.

ಮಳೆ ಸದ್ದಿಗೆ ಇದ್ಯಾವ್ದೂ ಉಪಯೋಗಕ್ಕೆ ಬರಲ್ಲ, ಅದನ್ನ ತಡೆಯೋದು ಗೋಡೆ, ಸೂರಿನ ತೂಕ. ಬಾಗಿಲು ಕಿಟಕಿ ಸಂದಿಗೆ ರಬ್ಬರ್ ಪಟ್ಟಿ ಹಾಕಿ, ಮೇಲೆ ಶೀಟ್ ಇದ್ರೆ ಜೋರು ಮಳೇಲಿ ಮಿಕ್ಸಿಂಗ್ ಇಟ್ಕೊಳ್ಳಿ, ಹಾಡೋದು ಮಳೆ ನಿಂತ್ಮೇಲೆ.

ಇನ್ನೊಂದು, ಮಾಮೂಲಿ ಫೋಮು ಬೆಂಕಿ ಹತ್ತಿದ್ರೆ ನಿಮಿಷದಲ್ಲಿ ಉರಿಯುತ್ತೆ. 2003ರಲ್ಲಿ ಅಮೆರಿಕದ ರೋಡ್ ಐಲೆಂಡಿನ ನೈಟ್‌ಕ್ಲಬ್ಬಲ್ಲಿ ಸ್ಟೇಜಿನ ಬಾಣಬಿರುಸಿನ ಕಿಡಿ ಗೋಡೆ ಫೋಮಿಗೆ ತಗುಲಿ 100 ಜನ ಸತ್ತರು. ನಮ್ಮ ರೂಮುಗಳಲ್ಲಿ ಎಕ್ಸ್‌ಟೆನ್ಷನ್ ಬೋರ್ಡು ಗೋಡೆಗೆ ಆತ್ಕೊಂಡೇ ಇರುತ್ತೆ. ರಾಕ್‌ವೂಲ್ ಕಲ್ಲಿನ ನಾರು, ಉರಿಯಲ್ಲ. ಫೋಮ್ ಆರ್ಡರ್ ಮಾಡಿದ್ರೆ ಇವತ್ತೇ ಕ್ಯಾನ್ಸಲ್ ಮಾಡಿ. ದೊಡ್ಡ ರೂಮಿನ ಬಾಗಿಲು ಕಿಟಕಿ ಎಲ್ಲೆಲ್ಲಿವೆ ಅಂತ ಕೆಳಗೆ ಬರೀರಿ, ಪ್ಯಾನೆಲ್ ಎಲ್ಲಿ ಬರ್ಬೇಕು ಅಂತ ಗುರುತು ಹಾಕಿ ಕೊಡ್ತೀನಿ.