ಮೈ ದಪ್ಪಗಿದೆ, ತಟ್ಟೆಯಲ್ಲಿ ಬೇಳೆಯಿಲ್ಲ

ಪ್ರಶ್ನೆ: ಅಮ್ಮನಿಗೆ 68 ವರ್ಷ, ಊರಲ್ಲಿ ಒಬ್ಬರೇ ಇದ್ದಾರೆ. ಎತ್ತರ 150 ಸೆಂ.ಮೀ., ತೂಕ 70 ಕೆ.ಜಿ. ಮಂಡಿನೋವು, ನೆಲದಿಂದ ಏಳಲು ಗೋಡೆ ಹಿಡಿಯಬೇಕು. ಬೆಳಿಗ್ಗೆ ಮಾಡಿದ ಅನ್ನ, ತಿಳಿಸಾರೇ ಮೂರು ಹೊತ್ತಿಗೂ. ನಡುವೆ ಟೀ, ಬನ್ನು. ತೂಕ ಇಳಿಯಲು ರಾತ್ರಿ ಊಟ ಬಿಡಿಸಲೇ?
— ಓದುಗರು, ತುಮಕೂರು ಜಿಲ್ಲೆ

ಉತ್ತರ: ದಯವಿಟ್ಟು ಬಿಡಿಸಬೇಡಿ. ಈ ವಯಸ್ಸಿನಲ್ಲಿ ಉಪವಾಸದಿಂದ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಕಾಲಿನ ಬಲ ಇನ್ನೂ ಕುಗ್ಗುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ಇದ್ದರಂತೂ ರಾತ್ರಿ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಅವರ ತಟ್ಟೆಯನ್ನೇ ಲೆಕ್ಕ ಹಾಕೋಣ. ದಿನಕ್ಕೆ 300 ಗ್ರಾಂ ಅಕ್ಕಿ ಎಂದರೆ ಸುಮಾರು 1,050 ಕ್ಯಾಲೊರಿ, ಪ್ರೋಟೀನ್ ಮಾತ್ರ 23 ಗ್ರಾಂ. ಒಂದು ಹಿಡಿ ಬೇಳೆಯನ್ನು ಮೂರು ಹೊತ್ತಿಗೆ ಹಂಚಿದ ತಿಳಿಸಾರಿನಿಂದ ಸಿಗುವುದು ಐದಾರು ಗ್ರಾಂ. ಬೇಕಾದದ್ದು 55ರಷ್ಟು. ಹೊಟ್ಟೆ ತುಂಬುತ್ತದೆ, ಮೈ ಊದುತ್ತದೆ, ತೊಡೆ ಸೋಲುತ್ತದೆ. ನಿಂತು ಅಡುಗೆ ಮಾಡಲಾಗದ್ದರಿಂದ ಮತ್ತೆ ಅದೇ ಅನ್ನ. ಸೋಮಾರಿತನವೆಂದು ಅವರನ್ನು ದೂರಬೇಡಿ.

ಅಕ್ಕಿ 180 ಗ್ರಾಂಗೆ ಇಳಿಸಿ. ತೊಗರಿಬೇಳೆ 50 ಗ್ರಾಂ, ಹೆಸರುಕಾಳು 50 ಗ್ರಾಂ, ಮೊಟ್ಟೆ ಎರಡು, ಒಂದು ಲೋಟ ಮೊಸರು ಸೇರಿಸಿ: 55 ಗ್ರಾಂ ಪ್ರೋಟೀನ್ ಆಯಿತು. ತರಕಾರಿ, ಮೂರು ಚಮಚ ಎಣ್ಣೆ ಸೇರಿ 1,400 ಕ್ಯಾಲೊರಿಯ ಆಸುಪಾಸು. ಮೊಟ್ಟೆ ತಿನ್ನದಿದ್ದರೆ ಒಂದು ಲೋಟ ಹಾಲು, 30 ಗ್ರಾಂ ಹುರಿಗಡಲೆ. ಹಲ್ಲಿಲ್ಲದಿದ್ದರೆ ಹುರಿಗಡಲೆ ಪುಡಿ ಮಾಡಿ ಮೊಸರಿಗೆ ಬೆರೆಸಿ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಮೊದಲು ವೈದ್ಯರನ್ನು ಕೇಳಿ.

ಕಾಳು ರಾತ್ರಿ ನೆನೆಹಾಕಿದರೆ ಬೇಗ ಬೇಯುತ್ತದೆ. ಹೆಚ್ಚುವುದು, ಆರಿಸುವುದು ಮೇಜಿನ ಮುಂದೆ ಕುರ್ಚಿಯಲ್ಲಿ ಕೂತೇ ಆಗಲಿ.

ಗೋಡೆಗೆ ಆನಿಸಿದ ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದನ್ನು ದಿನಕ್ಕೆರಡು ಸಲ, ಸಲಕ್ಕೆ ಐದರಿಂದ ಎಂಟು ಬಾರಿ ಮಾಡಿಸಿ. ನೋವಾದರೆ ದಿಂಬಿಟ್ಟು ಎತ್ತರಿಸಿ, ಕುರ್ಚಿಯ ಕೈ ಹಿಡಿದು ಏಳಲಿ. ಕೂರುವಾಗ ದೊಪ್ಪನೆ ಬೀಳಬಾರದು, ನಿಧಾನವಾಗಿ ಇಳಿಯುವುದರಲ್ಲೇ ತೊಡೆಗೆ ಹೆಚ್ಚಿನ ಕೆಲಸವಿದೆ. ಕೈ ಊರದೆ ಐದು ಸಲ ಏಳಲು 12 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲು ಸೋತಿದೆ ಎಂದರ್ಥ.

ಫೋನಿನಲ್ಲಿ ‘ಊಟ ಆಯ್ತಾ?’ ಎಂದರೆ ಎಲ್ಲ ತಾಯಂದಿರೂ ‘ಆಯ್ತು’ ಎನ್ನುತ್ತಾರೆ. ‘ಬೇಳೆ ಎಷ್ಟಿದೆ?’ ಎಂದು ಕೇಳಿ. ಪಡಿತರದ ಅಕ್ಕಿ ಉಳಿದಿರುತ್ತದೆ, ಬೇಳೆ ತಿಂಗಳ ಕೊನೆಗೆ ಮುಗಿದಿರುತ್ತದೆ. ಪಿಂಚಣಿ ಬಂದ ದಿನವೇ ತೊಗರಿಬೇಳೆ ಒಂದೂವರೆ ಕೆ.ಜಿ., ಹೆಸರುಕಾಳು ಒಂದೂವರೆ ಕೆ.ಜಿ. ತರಿಸಿಡಿ. ಹಣ ತಡವಾಗುವ ತಿಂಗಳು ಅದನ್ನು ನೀವೇ ಕಳಿಸಿ.